ಜಲಾಶಯದ ನೋಟ್ಸ್ ರಿಪೇರಿ: ಎಐ ಜೊತೆ ಏಳು ವಾರ

ಸರ್ಕಾರಿ ಕೆಲಸದ ಗ್ರೂಪ್ ಸಿ ಪರೀಕ್ಷೆಗೆ ಅಂತ ಮೂರು ವರ್ಷದಿಂದ ಬರೆದ ನೋಟ್ಸ್ ನನ್ನ ಹತ್ತಿರ ನಾಲ್ಕು ಪುಸ್ತಕ ಇವೆ. ಎಲ್ಲಾ 200 ಪುಟದ ಲಾಂಗ್ ಬುಕ್. ಕೋಚಿಂಗ್‌ನಲ್ಲಿ ಬರೆದದ್ದು, ಪೇಪರ್ ನೋಡಿ ಬರೆದದ್ದು, ಯೂಟ್ಯೂಬ್ ನಿಲ್ಲಿಸಿ ನಿಲ್ಲಿಸಿ ಬರೆದದ್ದು, ಎಲ್ಲಾ ಒಂದರ ಮೇಲೊಂದು. ಪರೀಕ್ಷೆ ಹತ್ತಿರ ಬಂದಾಗ ತೆಗೆದರೆ ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಅರ್ಧ ರಾತ್ರಿ ಹೋಗುತ್ತದೆ. ಈ ಸಲ ಒಂದು ಅಧ್ಯಾಯವನ್ನಾದರೂ ಸರಿ ಮಾಡೋಣ ಅಂತ ಹಿಡಿದೆ. ಅಧ್ಯಾಯ: ಕರ್ನಾಟಕದ ನದಿಗಳು ಮತ್ತು ಜಲಾಶಯಗಳು. ಒಟ್ಟು 38 ಪುಟ. ಜೊತೆಗೆ ಫೋನಿನಲ್ಲಿರುವ ಒಂದು ಎಐ ಸಹಾಯಕ.

ನಾನು ಹಿರಿಯೂರಿನವಳು. ಹಗಲು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಕೆಲಸ, ರಾತ್ರಿ ಒಂಬತ್ತರಿಂದ ಹನ್ನೊಂದು ಓದು. ಹಾಗಾಗಿ ಕೆಳಗೆ ಬರೆದಿರುವ ಎಲ್ಲಾ ಕೆಲಸವೂ ದಿನಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ ಆದದ್ದು. ಭಾನುವಾರ ಮಾತ್ರ ಸ್ವಲ್ಪ ಜಾಸ್ತಿ.

ಸಾಮಾನು ಮತ್ತು ಖರ್ಚು

ಹೊಸ ಲಾಂಗ್ ಬುಕ್ ಒಂದು, 75 ರೂಪಾಯಿ. ಪೆನ್ಸಿಲ್, ರಬ್ಬರ್ ಸೇರಿ 20. ಪೆನ್ನು ಎರಡು, 20. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದ ಪಿಡಿಎಫ್ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸುಮ್ನೆ ಸಿಗುತ್ತದೆ. ಅದರಲ್ಲಿ ಬೇಕಾದ 34 ಪುಟ ಪ್ರಿಂಟ್ ತೆಗೆದೆ, ಅಂಗಡಿಯ ರೇಟಿನಲ್ಲಿ 34 ರೂಪಾಯಿ. ಒಂದು ದಿನ ಡೇಟಾ ಖಾಲಿಯಾಗಿ 19 ರೂಪಾಯಿ ಹಾಕಿಸಿದೆ. ಒಟ್ಟು 168. ಎಐಗೆ ದುಡ್ಡು ಕೊಟ್ಟಿಲ್ಲ, ಉಚಿತವಾಗಿ ಸಿಗುವುದನ್ನೇ ಬಳಸಿದೆ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಇರುವ ಕಾರ್ಡ್‌ಗಳಿಗೆ ಅಂಕಿ (Anki) ಅನ್ನುವ ಆ್ಯಪ್, ಅದಕ್ಕೂ ದುಡ್ಡಿಲ್ಲ.

ಹಂತ 1. ಜೂನ್ 1, ಭಾನುವಾರ: ಮೊದಲು ಅಳತೆ

ಏನೂ ಮುಟ್ಟುವ ಮೊದಲು ನನಗೆ ಎಷ್ಟು ಗೊತ್ತಿದೆ ಅಂತ ನೋಡಬೇಕಿತ್ತು. ಅಂಗಡಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಪ್ರತಿ ರಾಶಿ ಇದೆ. ಅದರಿಂದ ನದಿ, ಜಲಾಶಯದ ಪ್ರಶ್ನೆ ಕತ್ತರಿಸಿ 30ರ ಹಾಗೆ ಮೂರು ಗೊಂಚಲು ಮಾಡಿದೆ. ಅ, ಆ, ಇ ಅಂತ ಹೆಸರಿಟ್ಟು, ಆ ಮತ್ತು ಇ ಎರಡನ್ನೂ ಕವರಿನಲ್ಲಿ ಹಾಕಿ ಅಂಟಿಸಿದೆ. ಅ ಗೊಂಚಲಿಗೆ ನೋಟ್ಸ್ ನೋಡದೆ ಉತ್ತರ ಬರೆದೆ.

30ಕ್ಕೆ 13.

ಮೂರು ವರ್ಷ ಓದಿದ ಅಧ್ಯಾಯ ಇದು. ಬೇಜಾರಾಯಿತು. ಆದರೆ ಈ ಅಂಕ ಬರೆದಿಟ್ಟಿದ್ದು ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಹಂತ 2. ಜೂನ್ 3ರಿಂದ 7: ಫೋಟೋ ತೆಗೆದು ಕೊಟ್ಟೆ, ಕೆಟ್ಟಿತು

ಸುಲಭದ ದಾರಿ ಅಂತ 12 ಪುಟದ ಫೋಟೋ ತೆಗೆದು ಎಐಗೆ ಕೊಟ್ಟು, 'ಇದನ್ನು ಟೈಪ್ ಮಾಡಿ, ಅಚ್ಚುಕಟ್ಟಾಗಿ ಜೋಡಿಸು' ಎಂದೆ. ಎರಡೇ ನಿಮಿಷದಲ್ಲಿ ಬಂತು. ನೋಡೋಕೆ ಚೆಂದ ಇತ್ತು. ಒಂದೊಂದೇ ಸಾಲು ಹೋಲಿಸಿದಾಗ 12 ಪುಟಕ್ಕೆ 41 ತಪ್ಪು ಸಿಕ್ಕವು.

ಒತ್ತಕ್ಷರದ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಕಷ್ಟವಾದದ್ದು ಅಂಕಿಯದು. ನನಗೆ ಇಸವಿಗಳನ್ನು ಕನ್ನಡ ಅಂಕಿಯಲ್ಲಿ ಬರೆಯುವ ಅಭ್ಯಾಸ. ಲಿಂಗನಮಕ್ಕಿಯ ಮುಂದೆ ೧೯೬೪ ಅಂತ ಬರೆದಿದ್ದೆ. ನನ್ನ ಅವಸರದ ಕೈಬರಹದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ, ೪ ಅಂತೂ ಇಂಗ್ಲಿಷಿನ 8 ಇದ್ದ ಹಾಗೇ ಇರುತ್ತದೆ. ಎಐ ಅದನ್ನು 1998 ಅಂತ ಓದಿತು. ಓದಿ, 'ಇತ್ತೀಚಿನ ಜಲಾಶಯಗಳು' ಅನ್ನುವ ತಲೆಬರಹದ ಕೆಳಗೆ ಲಿಂಗನಮಕ್ಕಿಯನ್ನು ಸೇರಿಸಿತು! ಓದಲಾಗದ ಕಡೆ 'ಓದಲಾಗುತ್ತಿಲ್ಲ' ಅಂತ ಒಂದು ಕಡೆಯೂ ಬರೆಯಲಿಲ್ಲ. ಏನೋ ಒಂದು ತುಂಬಿಸಿತ್ತು.

ಅದೇ ವಾರ ಇನ್ನೊಂದು ಪ್ರಯತ್ನ. ಗೆಳತಿ ಕೊಟ್ಟಿದ್ದ ಟೈಪ್ ಮಾಡಿದ ನೋಟ್ಸ್ ಫೈಲ್ ಇತ್ತು. ಕಾಪಿ ಮಾಡಿ ಹಾಕಿದೆ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆದದ್ದು ಅನ್ನುವುದು ನನಗೆ ಹೊಳೆಯಲಿಲ್ಲ. ದಿನಾ ಡಿಟಿಪಿ ಮಾಡುವ ನನಗೇ ಹೊಳೆಯಲಿಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. ಹಳೆಯ ನುಡಿಯಲ್ಲಿ ಪರದೆ ಮೇಲೆ ಕನ್ನಡ ಕಾಣುತ್ತದೆ, ಒಳಗಡೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಈಗಿನ ಕಂಪ್ಯೂಟರ್, ಫೋನ್‌ಗಳೆಲ್ಲಾ ಓದುವ ಯೂನಿಕೋಡ್ ಅಲ್ಲ. ಎಐಗೆ ಹೋದದ್ದು ಆ ರಾಶಿ. ಅದು ಅರ್ಥವಾಗಲಿಲ್ಲ ಅನ್ನದೆ, ಕಾವೇರಿಯ ಬಗ್ಗೆ ಒಂದು ಪುಟ ಸಾರಾಂಶ ಬರೆದುಕೊಟ್ಟಿತು. ಫೈಲಿನಲ್ಲಿದ್ದದ್ದು ಕೃಷ್ಣಾ ಕೊಳ್ಳ.

ಪರಿಹಾರ: ನುಡಿ ತಂತ್ರಾಂಶದ ಜೊತೆಗೇ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿ ಆಮೇಲೆ ಹಾಕಿದೆ. ಆಗ ಸರಿಯಾಗಿ ಓದಿತು. ಹಳೆಯ ಕನ್ನಡ ಫೈಲ್ ಇರುವವರು ಇದನ್ನು ಮರೆಯಬೇಡಿ.

ಕೈಬರಹಕ್ಕೆ ಪರಿಹಾರ ಬೇರೆ ಆಯಿತು. ಫೋಟೋ ಬಿಟ್ಟು, ಕೀಬೋರ್ಡಿನ ಮೈಕ್ ಒತ್ತಿ ನೋಟ್ಸನ್ನು ನಾನೇ ಜೋರಾಗಿ ಓದಿದೆ. 38 ಪುಟಕ್ಕೆ ನಾಲ್ಕು ರಾತ್ರಿ ಹಿಡಿಯಿತು. 'ಮಾರಿಕಣಿವೆ' (ನಮ್ಮೂರಿನ ವಾಣಿ ವಿಲಾಸ ಸಾಗರಕ್ಕೆ ಇನ್ನೊಂದು ಹೆಸರು) ಅಂದರೆ 'ಮಾರಿ ಕಣ್ಣಿಗೆ' ಅಂತ ಬರೆಯುತ್ತಿತ್ತು, ಊರಿನ ಹೆಸರುಗಳನ್ನೆಲ್ಲಾ ಕೈಯಲ್ಲೇ ತಿದ್ದಬೇಕಾಯಿತು. ಆದರೆ ಅಂಕಿ ಒಂದೂ ತಪ್ಪಲಿಲ್ಲ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ: ಜೋರಾಗಿ ಓದುವಾಗ ನನ್ನದೇ ನೋಟ್ಸ್‌ನಲ್ಲಿ ಒಂದೇ ಜಲಾಶಯಕ್ಕೆ ಎರಡು ಕಡೆ ಎರಡು ಅಂಕಿ ಇರುವುದು ಕಿವಿಗೆ ಬಿತ್ತು. ಕಣ್ಣಲ್ಲಿ ಓದುವಾಗ ಮೂರು ವರ್ಷ ಅದು ಕಂಡಿರಲಿಲ್ಲ.

ಹಂತ 3. ಜೂನ್ 8ರಿಂದ 15: 'ಚೆನ್ನಾಗಿ ಬರೆದುಕೊಡು' ಅಂದದ್ದು

ಟೈಪ್ ಆದ ನೋಟ್ಸ್ ಪೂರ್ತಿ ಹಾಕಿ, ಪರೀಕ್ಷೆಗೆ ಓದುವ ಹಾಗೆ ಹೊಸದಾಗಿ ಬರೆದುಕೊಡು ಎಂದೆ. ಒಂಬತ್ತು ಪುಟ ಬಂತು. ತಲೆಬರಹ, ಪಟ್ಟಿ, ಕೋಷ್ಟಕ ಎಲ್ಲಾ ಇತ್ತು. ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಸಿದೆ. ಒಂದು ವಾರ ಅದನ್ನೇ ಓದಿದೆ.

ಜೂನ್ 15ರಂದು 'ಆ' ಅಂತ ಹೆಸರಿಟ್ಟ ಗೊಂಚಲಿನ ಕವರ್ ಒಡೆದು ಪರೀಕ್ಷೆ ಬರೆದೆ. 30ಕ್ಕೆ 14.

ಒಂದು ವಾರದ ಓದಿಗೆ ಒಂದೇ ಒಂದು ಅಂಕ. ಓದುವಾಗ ಎಲ್ಲಾ ಸಲೀಸಾಗಿ ಹೋಗುತ್ತಿತ್ತು, ಎಲ್ಲೂ ತಡೆಯುತ್ತಿರಲಿಲ್ಲ. ಆ ವಾಕ್ಯಗಳನ್ನು ನಾನು ಕಟ್ಟಿರಲಿಲ್ಲ, ಅದಕ್ಕೇ ಕೈಗೆ ಬರಲಿಲ್ಲ. ನನ್ನ ಹಳೆಯ ನೋಟ್ಸ್‌ನಲ್ಲಿ ಪಕ್ಕದಲ್ಲಿ ಗೀಚಿದ ಗುರುತು, ಯಾವ ಪುಟದ ಯಾವ ಮೂಲೆ ಅನ್ನುವ ನೆನಪು, ಅದೂ ಹೋಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಸಿಕ್ಕಿತು. ಅದು ನಮ್ಮೂರಿನದೇ.

ನನ್ನ ನೋಟ್ಸ್‌ನಲ್ಲಿ, ಕೋಚಿಂಗ್‌ನಲ್ಲಿ ಬರೆದುಕೊಂಡದ್ದು, ಹೀಗಿತ್ತು: 'ವಾಣಿ ವಿಲಾಸ ಸಾಗರ, ವೇದಾವತಿ ನದಿ, ಕಟ್ಟಿಸಿದವರು ಸರ್ ಎಂ. ವಿಶ್ವೇಶ್ವರಯ್ಯ.' ಎಐ ಅದನ್ನೇ ತೆಗೆದುಕೊಂಡು, 'ಮಹಾನ್ ಎಂಜಿನಿಯರ್ ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ' ಅಂತ ಎರಡು ಸಾಲು ಚೆಂದ ಮಾಡಿ ಬರೆದಿತ್ತು. ಅದರ ಕೆಳಗೇ, ಅದೇ ಪುಟದಲ್ಲಿ, ಅಣೆಕಟ್ಟು ಮುಗಿದದ್ದು 1907 ಅಂತಲೂ ಇತ್ತು. ಎರಡು ಪುಟ ಬಿಟ್ಟು ಕೆಆರ್‌ಎಸ್ ಭಾಗದಲ್ಲಿ ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು ಅಂತಲೂ ಇತ್ತು. 1909ರಲ್ಲಿ ಮೈಸೂರಿಗೆ ಬಂದವರು 1907ರಲ್ಲಿ ಮುಗಿದ ಅಣೆಕಟ್ಟು ಕಟ್ಟಿಸುವುದು ಹೇಗೆ?

ಇದನ್ನು ನಾನೂ ನೋಡಲಿಲ್ಲ, ಎಐಯೂ ನೋಡಲಿಲ್ಲ. ನೋಡಿದ್ದು ನಮ್ಮಜ್ಜಿ. ಒಂದು ರಾತ್ರಿ ಜೋರಾಗಿ ಓದುತ್ತಿದ್ದೆ. ಅಜ್ಜಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು. 'ಮಾರಿಕಣಿವೆ ಕಟ್ಟಿಸಿದ್ದು ಮಹಾರಾಣಿಯವರ ಕಾಲದಲ್ಲಿ ಶುರು ಆಗಿದ್ದಲ್ವಾ, ಅದಕ್ಕೇ ಅಲ್ವಾ ವಾಣಿ ವಿಲಾಸ ಅನ್ನೋದು' ಅಂದರು. ಪುಸ್ತಕ ತೆಗೆದು ನೋಡಿದೆ. ಅಜ್ಜಿ ಹೇಳಿದ್ದು ಸರಿ. ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರು 1895ರಿಂದ 1902ರ ತನಕ ರಾಜಪ್ರತಿನಿಧಿ ಆಗಿದ್ದರು. ಕೆಲಸ ಶುರುವಾದಾಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್.

ಆ ಸ್ಪೈರಲ್ ಪುಸ್ತಕವನ್ನು ಅವತ್ತೇ ಪಕ್ಕಕ್ಕಿಟ್ಟೆ. ನೋಟ್ಸ್‌ನಲ್ಲಿ ತಪ್ಪಿದ್ದರೆ ಎಐ ಆ ತಪ್ಪಿಗೂ ಇಸ್ತ್ರಿ ಹಾಕಿ ಕೊಡುತ್ತದೆ. ಸುಕ್ಕು ಇದ್ದಾಗಲಾದರೂ ಅನುಮಾನ ಬರುತ್ತಿತ್ತು.

ಹಂತ 4. ಜೂನ್ 17ರಿಂದ 21: 'ಇದು ಸರಿನಾ?' ಅಂತ ಕೇಳಬಾರದು

ಹೊಸದಾಗಿ ಬರೆಸುವುದು ಬೇಡ, ತಪ್ಪು ಹುಡುಕಿಸೋಣ ಅಂತ ಹೊರಟೆ. ಒಂದೊಂದು ಪುಟ ಹಾಕಿ 'ಇದು ಸರಿ ಇದೆಯಾ?' ಅಂತ ಕೇಳಿದೆ. ಪ್ರತಿ ಸಲವೂ 'ಅತ್ಯುತ್ತಮ ನೋಟ್ಸ್' ಅಂತ ಶುರು. ಅನುಮಾನ ಬಂದು ಬೇಕೆಂದೇ ಒಂದು ತಪ್ಪು ಹಾಕಿದೆ: ಮಲಪ್ರಭಾ ಅಣೆಕಟ್ಟು ಹಿಡಕಲ್‌ನಲ್ಲಿದೆ ಅಂತ. ಹಿಡಕಲ್ ಇರುವುದು ಘಟಪ್ರಭಾಕ್ಕೆ. ಮಲಪ್ರಭಾದ್ದು ನವಿಲುತೀರ್ಥ, ಆ ಜಲಾಶಯದ ಹೆಸರು ರೇಣುಕಾ ಸಾಗರ. ಎಐ 'ಹೌದು, ಸರಿಯಾಗಿದೆ' ಎಂದಿತು.

ಮಾರನೇ ದಿನ ಪ್ರಶ್ನೆ ತಿರುಗಿಸಿದೆ. 'ಇದರಲ್ಲಿ ಏನೇನು ತಪ್ಪಿದೆ ಹೇಳು' ಅಂತ. ಈಗ ಹಿಡಕಲ್ ತಪ್ಪನ್ನು ಸರಿಯಾಗಿ ಹಿಡಿಯಿತು. ಖುಷಿಯಾಯಿತು. ಆಮೇಲೆ ಪುಸ್ತಕ ನೋಡಿ ಪೂರ್ತಿ ಸರಿ ಮಾಡಿದ್ದ ಒಂದು ಪುಟ ಹಾಕಿ ಅದೇ ಪ್ರಶ್ನೆ ಕೇಳಿದೆ. ಅದರಲ್ಲೂ ಮೂರು 'ತಪ್ಪು' ತೋರಿಸಿತು. ಮೂರೂ ತಪ್ಪಲ್ಲ. ತಪ್ಪು ಇದೆ ಅಂತ ಕೇಳಿದರೆ ತಪ್ಪು ಕೊಡುತ್ತದೆ, ಸರಿ ಇದೆ ಅಂತ ಕೇಳಿದರೆ ಸರಿ ಕೊಡುತ್ತದೆ. ಕೇಳುವ ರೀತಿಯಲ್ಲೇ ಉತ್ತರ ಇಟ್ಟು ಕೇಳಬಾರದು ಅಂತ ಗೊತ್ತಾಗಲು ನಾಲ್ಕು ರಾತ್ರಿ ಹೋಯಿತು.

ಕೊನೆಗೆ ಕೆಲಸಕ್ಕೆ ಬಂದ ಪ್ರಶ್ನೆ ಇದು: 'ಈ ಪುಟದಲ್ಲಿ ಪುಸ್ತಕ ನೋಡಿ ಖಾತ್ರಿ ಮಾಡಿಕೊಳ್ಳಬೇಕಾದ ಸಾಲು ಯಾವುವು? ಪ್ರತಿ ಸಾಲಿಗೂ ಯಾಕೆ ಅಂತ ಒಂದು ವಾಕ್ಯ ಬರೆ. ಒಂದು ಸಾಲು ಇನ್ನೊಂದಕ್ಕೆ ಹೊಂದದೇ ಇದ್ದರೆ ಎರಡನ್ನೂ ತೋರಿಸು. ನೀನು ತಿದ್ದಬೇಡ.'

ಈ ಪ್ರಶ್ನೆಗೆ ಅದು ಕೊಟ್ಟ ಪಟ್ಟಿ ನಿಜವಾಗಿಯೂ ಚೆನ್ನಾಗಿತ್ತು. ವಿಶ್ವೇಶ್ವರಯ್ಯ 1909 ಮತ್ತು ಮಾರಿಕಣಿವೆ 1907 ಹೊಂದುವುದಿಲ್ಲ ಅನ್ನುವುದನ್ನು ಈ ಸಲ ಅದೇ ಹಿಡಿಯಿತು. 'ತುಂಗಭದ್ರಾ ಅಣೆಕಟ್ಟು, ಬಳ್ಳಾರಿ ಜಿಲ್ಲೆ' ಅನ್ನುವ ಸಾಲಿಗೆ ಜಿಲ್ಲೆ ಬದಲಾಗಿರಬಹುದು, ನೋಡಿ ಎಂದಿತು. ಹೌದು, 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ ಅದಕ್ಕೆ ಸೇರಿತು, ನನ್ನ ನೋಟ್ಸ್ ಅದಕ್ಕಿಂತ ಹಳೆಯ ಗೈಡ್ ನೋಡಿ ಬರೆದದ್ದು. 38 ಪುಟಕ್ಕೆ ಒಟ್ಟು 63 ಸಾಲು ಪಟ್ಟಿಯಾದವು. ಪುಸ್ತಕದ ಜೊತೆ ನೋಡಿದಾಗ ನಿಜವಾಗಿ ತಪ್ಪಿದ್ದದ್ದು 19. ಈ 19 ತಪ್ಪನ್ನು ನಾನು ಮೂರು ವರ್ಷ ಬಾಯಿಪಾಠ ಮಾಡಿದ್ದೆ.

ಹಂತ 5. ಜೂನ್ 22ರಿಂದ 28: ಕೋಷ್ಟಕ, ಮತ್ತು 1819 ಅಡಿ

ಭಾನುವಾರ ಕೂತು ಜಲಾಶಯಗಳ ಒಂದು ಕೋಷ್ಟಕ ಮಾಡಿದೆ. ಹೆಸರು, ನದಿ, ಎತ್ತರ, ಸಾಮರ್ಥ್ಯ. ಪತ್ರಿಕೆಯಲ್ಲಿ ದಿನಾ ಬರುವ ಜಲಾಶಯ ಮಟ್ಟದ ಅಂಕಿಗಳನ್ನೇ ಬರೆದೆ. ಕೆಆರ್‌ಎಸ್ 124.80 ಅಡಿ, 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಲಿಂಗನಮಕ್ಕಿ 1819 ಅಡಿ, 151.75 ಟಿಎಂಸಿ. ಭದ್ರಾ 186 ಅಡಿ, 71.54. ಹೇಮಾವತಿ 2922 ಅಡಿ, 37.10. ಕಬಿನಿ 2284 ಅಡಿ, 19.52. ಆಲಮಟ್ಟಿ 519.60 ಮೀಟರ್, 123.08.

ಇದರಿಂದ ಪ್ರಶ್ನೆ ಮಾಡು ಎಂದೆ. ಮೂರನೇ ಪ್ರಶ್ನೆ: 'ರಾಜ್ಯದ ಅತಿ ಎತ್ತರದ ಅಣೆಕಟ್ಟು ಯಾವುದು?' ಉತ್ತರ ಅಂತ ಕೊಟ್ಟದ್ದು ಹೇಮಾವತಿ, 2922 ಅಡಿ.

ಹೇಮಾವತಿ ಅಣೆಕಟ್ಟು ಇರುವ ಗೊರೂರಿಗೆ ಹೋಗಿ ಬಂದವಳು ನಾನು. ಅಲ್ಲಿ ಬೆಟ್ಟದಷ್ಟು ಎತ್ತರದ ಗೋಡೆ ಏನೂ ಇಲ್ಲ. ಆದರೂ ಆ ಕ್ಷಣ ನನಗೆ ಉತ್ತರ ಗೊತ್ತಾಗಲಿಲ್ಲ, ಯಾಕೆಂದರೆ ಆ ಅಂಕಣಕ್ಕೆ 'ಎತ್ತರ' ಅಂತ ಹೆಸರಿಟ್ಟವಳು ನಾನೇ. ಎಐ ನನ್ನ ಕೋಷ್ಟಕವನ್ನು ನಂಬಿತು. ಮೂರು ವರ್ಷದಿಂದ ಈ ಅಂಕಿಗಳನ್ನು ಬರೆಯುತ್ತಿದ್ದರೂ ಅವು ಏನನ್ನು ಅಳೆಯುತ್ತವೆ ಅಂತ ನಾನು ಕೇಳಿಕೊಂಡಿರಲಿಲ್ಲ.

ಕೂತು ಬಿಡಿಸಿಕೊಂಡೆ. ಕೆಆರ್‌ಎಸ್‌ನ 124.80 ಮತ್ತು ಭದ್ರಾದ 186, ಅಣೆಕಟ್ಟಿನ ಬುಡದ ಕಡೆಯಿಂದ ಅಳೆಯುವ ನೀರಿನ ಮಟ್ಟ. ಲಿಂಗನಮಕ್ಕಿ, ಹೇಮಾವತಿ, ಕಬಿನಿಯದು ಸಮುದ್ರ ಮಟ್ಟದಿಂದ ಅಳೆದದ್ದು. ಆಲಮಟ್ಟಿಯದೂ ಸಮುದ್ರ ಮಟ್ಟದಿಂದಲೇ, ಆದರೆ ಮೀಟರಿನಲ್ಲಿ. ಒಂದೇ ಅಂಕಣದಲ್ಲಿ ಮೂರು ಥರದ ಅಳತೆ. ನಿಜವಾದ ಕಟ್ಟೆಯ ಎತ್ತರ ಕೇಳಿದರೆ ಕಾಳಿ ನದಿಯ ಸೂಪಾ, 101 ಮೀಟರ್. ಅದು ನನ್ನ ಕೋಷ್ಟಕದಲ್ಲೇ ಇರಲಿಲ್ಲ.

ಅಂಕಣದ ಹೆಸರನ್ನು 'ಪೂರ್ಣ ನೀರಿನ ಮಟ್ಟ' ಅಂತ ಬದಲಾಯಿಸಿ, ಪ್ರತಿ ಅಂಕಿಯ ಮುಂದೆ 'ಬುಡ' ಅಥವಾ 'ಸಮುದ್ರ' ಅಂತ ಬರೆದೆ. ಇಡೀ ಏಳು ವಾರದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಒಂದು ಅಂಕಣ.

ತುಂಗಭದ್ರಾದಲ್ಲೂ ಹೀಗೇ ಒಂದು ಸಿಕ್ಕು. ಎಐ 133 ಟಿಎಂಸಿ ಎಂದಿತು, ಪತ್ರಿಕೆಯಲ್ಲಿ 105.79. ನಾನು 'ತಪ್ಪು' ಅಂತ ಬರೆದು ಅದನ್ನು ತಿದ್ದಿದೆ. ಅದು ತಕ್ಷಣ ಕ್ಷಮೆ ಕೇಳಿ ಒಪ್ಪಿಕೊಂಡಿತು. ಆದರೆ ಎರಡೂ ಸರಿಯೇ ಆಗಿದ್ದವು. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಇತ್ತು, ಎಪ್ಪತ್ತು ವರ್ಷದ ಹೂಳು ತುಂಬಿ ಈಗ 105.79 ಆಗಿದೆ. ನಾನು ಗದರಿಸಿದ ಕೂಡಲೇ ಅದು ಒಪ್ಪಿಕೊಂಡದ್ದರಿಂದ ಹೂಳಿನ ವಿಷಯ ಅವತ್ತು ತಪ್ಪಿಹೋಯಿತು, ಮೂರು ದಿನ ಬಿಟ್ಟು ಪುಸ್ತಕದಲ್ಲಿ ಸಿಕ್ಕಿತು. ಈಗ 'ತಪ್ಪು' ಅನ್ನುವುದಿಲ್ಲ. 'ನನ್ನ ಹತ್ತಿರ ಇನ್ನೊಂದು ಅಂಕಿ ಇದೆ, ಎರಡೂ ಇರಲು ಕಾರಣ ಏನಿರಬಹುದು?' ಅಂತ ಕೇಳುತ್ತೇನೆ.

ಹಂತ 6. ಜೂನ್ 29ರಿಂದ ಜುಲೈ 12: ನಾನು ಬರೆಯುವುದು, ಅದು ಕೇಳುವುದು

ಇಲ್ಲಿಂದ ಕೆಲಸ ದಾರಿಗೆ ಬಂತು. ಹೊಸ ಲಾಂಗ್ ಬುಕ್ ತೆಗೆದೆ. ಎಲ್ಲಾ ಕೈಯಲ್ಲೇ ಬರೆಯುವುದು ಅಂತ ತೀರ್ಮಾನಿಸಿದೆ. ನಿಯಮ ಒಂದೇ: ಪುಸ್ತಕ ಅಥವಾ ಸರ್ಕಾರಿ ಪಟ್ಟಿಯಲ್ಲಿ ನೋಡಿದ್ದು ಪೆನ್ನಿನಲ್ಲಿ, ಎಐ ಮಾತ್ರ ಹೇಳಿದ್ದು ಪೆನ್ಸಿಲ್‌ನಲ್ಲಿ. ಪೆನ್ಸಿಲ್ ಸಾಲು ಪುಸ್ತಕದಲ್ಲಿ ಸಿಕ್ಕ ದಿನ ಅದರ ಮೇಲೆ ಪೆನ್ನು ಓಡಿಸಿ ಪಕ್ಕದಲ್ಲಿ ಪುಟ ಸಂಖ್ಯೆ ಬರೆಯುವುದು. ಸಿಗದಿದ್ದರೆ ರಬ್ಬರ್. ಜಲಾಶಯದ ಅಂಕಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಿನದ ಪಟ್ಟಿ ಇಟ್ಟುಕೊಂಡೆ.

ದಿನಕ್ಕೆ ಒಂದೂವರೆ ಪುಟ ಬರೆಯುವುದು, ಆಮೇಲೆ ಅದನ್ನು ಮೈಕಿನಲ್ಲಿ ಓದಿ ಎಐಗೆ ಹಾಕಿ ಹೀಗೆ ಹೇಳುವುದು:

'ಈ ನೋಟ್ಸ್‌ನಿಂದ ಮಾತ್ರ ಪ್ರಶ್ನೆ ಕೇಳು. ಒಂದು ಸಲಕ್ಕೆ ಒಂದೇ. ನಾನು ಬರೆಯುವ ತನಕ ಉತ್ತರ ಹೇಳಬೇಡ. ತಪ್ಪಿದರೆ ಒಂದು ಸುಳಿವು ಕೊಡು. ಎರಡನೇ ಸಲವೂ ತಪ್ಪಿದರೆ ಯಾವ ಸಾಲು ಮತ್ತೆ ಓದಬೇಕು ಅಂತ ಮಾತ್ರ ಹೇಳು. ಹೊಗಳಬೇಡ. ನೋಟ್ಸ್‌ನಲ್ಲಿ ಇಲ್ಲದ್ದನ್ನು ಹೇಳಲೇಬೇಕಾದರೆ ಮುಂದೆ ಹೊರಗಿನದು ಅಂತ ಬರೆ.'

ಮೊದಲ ಮೂರು ದಿನ 'ಹೊಗಳಬೇಡ' ಅನ್ನುವುದು ಇರಲಿಲ್ಲ. ಅರ್ಧ ಸರಿಯಾದ ಉತ್ತರಕ್ಕೂ 'ಅದ್ಭುತ' ಬರುತ್ತಿತ್ತು, ಉಳಿದರ್ಧ ಏನು ಬಿಟ್ಟೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಆ ಒಂದು ಪದ ಸೇರಿಸಿದ ಮೇಲೆ 'ನದಿ ಸರಿ, ಕೂಡುವ ಜಾಗ ಬರೆದಿಲ್ಲ' ಅಂತ ಬರತೊಡಗಿತು. ತುಂಗಾ, ಭದ್ರಾ ಕೂಡುವ ಕೂಡಲಿಯನ್ನು ಹೀಗೇ ನಾಲ್ಕು ಸಲ ಬಿಟ್ಟು, ಐದನೇ ಸಲ ಬರೆದೆ.

ಎರಡನೇ ವಾರ 'ಯಾವುದು' ಪ್ರಶ್ನೆಗಳ ಜೊತೆ 'ಯಾಕೆ' ಪ್ರಶ್ನೆಯನ್ನೂ ಕೇಳು ಎಂದೆ. ಮೊದಲನೆಯದೇ: 'ವಾಣಿ ವಿಲಾಸ ಸಾಗರ ಅಪರೂಪಕ್ಕೆ ತುಂಬುವುದು ಯಾಕೆ?' ದಿನಾ ನೋಡುವ ಊರು, ಆದರೂ ಉತ್ತರ ಬರೆಯಲು ಹತ್ತು ನಿಮಿಷ ಬೇಕಾಯಿತು. ಬಾಬಾಬುಡನ್ ಗಿರಿಯ ಕಡೆಯಿಂದ ವೇದಾ, ಅವತಿ ಕೂಡಿ ವೇದಾವತಿ ಆಗುತ್ತದೆ. ಅಲ್ಲಿಂದ ಈಚೆಗೆ ಹರಿಯುವುದೆಲ್ಲಾ ಮಳೆ ಕಡಿಮೆ ಇರುವ ಸೀಮೆ. ಕಟ್ಟೆ ದೊಡ್ಡದು, ಸುಮಾರು 30 ಟಿಎಂಸಿ ಹಿಡಿಯುತ್ತದೆ, ಬರುವ ನೀರು ಚಿಕ್ಕದು. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬರುತ್ತದೆ. ಇದನ್ನು ನನ್ನ ಮಾತಿನಲ್ಲಿ ಬರೆದ ಮೇಲೆ ಮತ್ತೆ ಮರೆತಿಲ್ಲ.

ಇದೇ ಜಾಗದಲ್ಲಿ ಎಐ ಒಂದು ಹೊರಗಿನದು ಸೇರಿಸಿತು: '1933ರ ನಂತರ ಈ ಜಲಾಶಯ ಕೋಡಿ ಬಿದ್ದಿಲ್ಲ.'

2022ರಲ್ಲಿ ಕೋಡಿ ಬಿದ್ದಿದೆ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಜನವರಿಯಲ್ಲಿ ನಾವು ಮನೆಯವರೆಲ್ಲಾ ಹೋಗಿದ್ದೆವು. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ ಕೋಡಿಯ ಹತ್ತಿರ ನಿಂತಿದ್ದೆವು. ನೀರು ಕಲ್ಲಿನ ಮೇಲೆ ತೆಳ್ಳಗೆ, ಬಿಳಿ ಸೀರೆ ಒಣಗಲು ಹರವಿದ ಹಾಗೆ ಇಳಿಯುತ್ತಿತ್ತು. ಅಜ್ಜಿ ಸೆರಗಿನ ತುದಿ ಅದ್ದಿ ಕಣ್ಣಿಗೆ ಒತ್ತಿಕೊಂಡರು. ಅವರ ಅಪ್ಪ 1933ರ ಕೋಡಿ ನೋಡಿದ್ದರಂತೆ, ಮನೆಯಲ್ಲಿ ಅದೇ ಕತೆ ಹೇಳುತ್ತಿದ್ದರಂತೆ. ಅದನ್ನು ಕೇಳಿ ಬೆಳೆದ ನಮ್ಮಜ್ಜಿ, ತಾನೂ ನೋಡಿದೆ ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಹೊಸ ಬುಕ್ಕಿನಲ್ಲಿ ಆ ಸಾಲಿಗೆ ಪೆನ್ನಿನಲ್ಲಿ 1933, 2022, 2025 ಅಂತ ಬರೆದೆ. ಪಕ್ಕದಲ್ಲಿ ಪತ್ರಿಕೆಯ ದಿನಾಂಕವನ್ನೂ ಹಾಕಿದೆ.

ಇತ್ತೀಚಿನ ಘಟನೆ ಎಐಗೆ ಗೊತ್ತಿರುತ್ತದೆ ಅಂತ ನಂಬಬೇಡಿ. ತುಂಗಭದ್ರಾದ 19ನೇ ಗೇಟು 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ವಿಷಯವನ್ನೂ ನಾನೇ ಹೇಳಬೇಕಾಯಿತು. ಪರೀಕ್ಷೆಯಲ್ಲಿ ಕೇಳುವುದು ಇಂಥದ್ದನ್ನೇ ಅಲ್ವಾ.

ಇನ್ನೊಂದು ತೊಂದರೆ: ಒಂದೇ ಮಾತುಕತೆಯನ್ನು ಉದ್ದಕ್ಕೆ ಎಳೆದರೆ ಶುರುವಿನಲ್ಲಿ ಹೇಳಿದ ನಿಯಮ ಮರೆಯುತ್ತದೆ. ಜುಲೈ 4ರ ರಾತ್ರಿ, ಮಾತುಕತೆ ಶುರುವಾಗಿ ಒಂದು ಗಂಟೆ ಕಳೆದ ಮೇಲೆ ಉತ್ತರವನ್ನು ತಾನೇ ಹೇಳತೊಡಗಿತು, ಕಬಿನಿಗೆ ಹೇಮಾವತಿಯ ಮಟ್ಟ ಹಾಕಿತು. ಈಗ ಪ್ರತಿ ನದಿ ಕೊಳ್ಳಕ್ಕೂ ಹೊಸದಾಗಿ ಶುರು ಮಾಡಿ ಮೇಲಿನ ನಿಯಮ ಮತ್ತೆ ಅಂಟಿಸುತ್ತೇನೆ.

ಹಂತ 7. ಜುಲೈ 13ರಿಂದ 19: ಕಾರ್ಡ್

ಮುಗಿದ ನೋಟ್ಸ್‌ನಿಂದ ಅಂಕಿ ಆ್ಯಪ್‌ಗೆ ಕಾರ್ಡ್ ಮಾಡಿಸಿದೆ. 120 ಕೊಟ್ಟಿತು. 'ಕೆಆರ್‌ಎಸ್ ಬಗ್ಗೆ ತಿಳಿಸಿ' ಅನ್ನುವಂಥದ್ದೂ ಅದರಲ್ಲಿ ಇದ್ದವು. ಅಂಥದ್ದಕ್ಕೆ ಉತ್ತರ ಸರಿಯೋ ತಪ್ಪೋ ಅಂತ ಗುರುತು ಹಾಕುವುದೇ ಆಗುವುದಿಲ್ಲ. ಒಂದು ಕಾರ್ಡಿಗೆ ಒಂದೇ ಉತ್ತರ ಇರುವಂಥದ್ದು ಮಾತ್ರ ಇಟ್ಟುಕೊಂಡು 84ಕ್ಕೆ ಇಳಿಸಿದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಆಮದು ಮಾಡುವಾಗ ಎರಡು ಸಲ ಕೆಟ್ಟಿತು. ಮೊದಲ ಸಲ ಎಲ್ಲಾ ಕಾರ್ಡ್‌ನಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಕನ್ನಡ ಅಕ್ಷರ ಕೆಡದ ಹಾಗೆ ಉಳಿಸುವ ಯುಟಿಎಫ್-8 ಆರಿಸಿರಲಿಲ್ಲ. ಎರಡನೇ ಸಲ ಪ್ರಶ್ನೆಯೊಳಗೇ ಅಲ್ಪವಿರಾಮ ಇದ್ದ ಕಡೆ ಕಾರ್ಡ್ ಎರಡು ತುಂಡಾಯಿತು. ಅಲ್ಪವಿರಾಮದ ಬದಲು ಟ್ಯಾಬ್ ಹಾಕಿ ಕೊಡು ಎಂದ ಮೇಲೆ ಸರಿಹೋಯಿತು.

ಜುಲೈ 20, ಭಾನುವಾರ: ಕೊನೆಯ ಕವರ್

'ಇ' ಗೊಂಚಲಿನ ಕವರ್ ಒಡೆದೆ. 30ಕ್ಕೆ 25.

ತಪ್ಪಿದ ಐದರಲ್ಲಿ ಮೂರು ಕರಾವಳಿಯ ನದಿಗಳು. ವರಾಹಿ, ಅಘನಾಶಿನಿ ಭಾಗವನ್ನು ಅವಸರದಲ್ಲಿ ಬರೆದಿದ್ದೆ, ಪ್ರಶ್ನೆ ಕೇಳಿಸಿಕೊಂಡೂ ಇರಲಿಲ್ಲ. ಒಂದು ಸುಮ್ನೆ ಮರೆತದ್ದು. ಇನ್ನೊಂದು ಮಾತ್ರ ನೋವಾಯಿತು: ವಾಣಿ ವಿಲಾಸ ಸಾಗರದ ಪ್ರಶ್ನೆಗೆ ಕೈ ತಾನಾಗಿಯೇ ವಿಶ್ವೇಶ್ವರಯ್ಯ ಅಂತ ಗುರುತು ಹಾಕಿತ್ತು. ಮೂರು ವರ್ಷ ತಪ್ಪಾಗಿ ಓದಿದ್ದು ಏಳು ವಾರಕ್ಕೆ ಹೋಗಲಿಲ್ಲ. ಆ ಕಾರ್ಡನ್ನು ಮತ್ತೆ ದಿನಾ ಬರುವ ಹಾಗೆ ಇಟ್ಟಿದ್ದೇನೆ.

38 ಪುಟದ ನೋಟ್ಸ್ ಈಗ 21 ಪುಟ. ಅದರಲ್ಲಿ ಪೆನ್ಸಿಲ್‌ನಲ್ಲೇ ಉಳಿದ ಸಾಲು ಏಳು. ನಾಲ್ಕು ಶರಾವತಿಯವು, ಮೂರು ಭೀಮಾ ನದಿಯವು. ಮುಂದಿನ ಭಾನುವಾರ ಗ್ರಂಥಾಲಯಕ್ಕೆ ಹೋಗಿ ಅವಕ್ಕೆ ಪುಟ ಸಂಖ್ಯೆ ಹುಡುಕಬೇಕು. ಸಂಜೆಯಿಂದ ಅರಣ್ಯದ ಅಧ್ಯಾಯ ಓದಿ ಮೈಕಿಗೆ ಹಾಕುವುದು, ಅದು 44 ಪುಟ ಇದೆ. ಅಜ್ಜಿಗೆ ಪಕ್ಕದಲ್ಲೇ ಕೂರಲು ಹೇಳಿದ್ದೇನೆ.